ತಂತ್ರಾಂಶದ ಪ್ರತಿ: ದಾನವೋ, ಅದತ್ತಾದಾನವೋ?

ಅಂಗಡಿಯಿಂದ ಬೆಲ್ಲದ ಒಂದು ಪೆಂಟೆ ಕಳುವಾದರೆ ಅದು ದಾಸ್ತಾನಿನ ಲೆಕ್ಕದಲ್ಲಿ ಕಂಡುಬರುತ್ತದೆ. ಕದ್ದವನ ಮನೆಯಲ್ಲಿ ಒಂದು ಹೆಚ್ಚಾಗುತ್ತದೆ, ಒಡೆಯನ ಬಳಿ ಒಂದು ಕಡಿಮೆಯಾಗುತ್ತದೆ. ಕಳ್ಳತನವೆಂಬ ಶಬ್ದಕ್ಕೆ ಲೋಕವು ಈ ಅರ್ಥವನ್ನೇ ಹಿಡಿದುಕೊಂಡು ಬಂದಿದೆ. ಗಣಕಯಂತ್ರದ ತಂತ್ರಾಂಶವು ಬಳಕೆಗೆ ಬಂದ ಮೇಲೆ ಈ ಅರ್ಥಕ್ಕೆ ಒಂದು ತೊಡಕು ಉಂಟಾಯಿತು. ತಂತ್ರಾಂಶವನ್ನು ಒಂದು ಫ್ಲಾಪಿಯಿಂದ ಇನ್ನೊಂದಕ್ಕೆ ಇಳಿಸಿಕೊಂಡಾಗ ಮೂಲವು ಇದ್ದಲ್ಲಿಯೇ ಇರುತ್ತದೆ. ಒಡೆಯನ ಬಳಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಹೀಗಿರುವಾಗ ಪ್ರತಿ ಮಾಡಿಕೊಂಡವನನ್ನು ಕಳ್ಳನೆನ್ನುವುದು ಹೇಗೆ?

ಪ್ರಶ್ನೆಯು ಪಂಡಿತರ ವಾದಕ್ಕೆ ಮಾತ್ರ ಸೀಮಿತವಾದುದಲ್ಲ. ಕೃಷ್ಣಾ ತೀರದ ಯಡೂರಿನಲ್ಲಿ 1990ರ ದಶಕದ ಆರಂಭದಲ್ಲಿ ಒಬ್ಬ ಅಡತಿ ವ್ಯಾಪಾರಿಯಿದ್ದನೆಂದು ಭಾವಿಸಬಹುದು. ಕೀರ್ದಿ ಖತಾವಣಿ ಬರೆದು ಬೇಸತ್ತ ಆತನು ಒಂದು ಗಣಕಯಂತ್ರವನ್ನು ಕೊಂಡನು. ಯಂತ್ರವನ್ನು ಜೋಡಿಸಲು ಬಂದ ಹುಡುಗನು ತನ್ನ ಚೀಲದಿಂದ ಒಂದು ಫ್ಲಾಪಿಯನ್ನು ತೆಗೆದು ಲೆಕ್ಕಪತ್ರದ ತಂತ್ರಾಂಶವನ್ನು ಹಾಕಿಕೊಟ್ಟನು. ಅದಕ್ಕೆ ಬೆಲೆಯನ್ನು ಕೇಳಲಿಲ್ಲ. ವ್ಯಾಪಾರಿಯ ತೂಕ ಸರಿ, ಅಳತೆ ಸರಿ, ಉದ್ರಿಯ ಲೆಕ್ಕ ಸರಿ, ತೆರಿಗೆಯೂ ಸರಿ. ಮುಂದೆ ಊರಿನ ದೇವಾಲಯದ ಟ್ರಸ್ಟಿನವರು ಅದೇ ಫ್ಲಾಪಿಯನ್ನು ಎರವಲು ಪಡೆದು ಕಾಣಿಕೆಯ ಜಮಾ ಖರ್ಚನ್ನು ಅದರಲ್ಲಿಯೇ ಬರೆಯತೊಡಗಿದರು. ಇವರಲ್ಲಿ ಯಾರು ಯಾರ ಮನೆಗೆ ಕನ್ನವಿಕ್ಕಿದರು? ಇಂತಹ ಸ್ಥಿತಿ ಯಾವ ಊರಿನಲ್ಲಿಯೂ ಅಪರೂಪವಾಗಿರಲಿಲ್ಲ. ಆದುದರಿಂದ ಉತ್ತರವನ್ನು ಗೃಹಸ್ಥರೆಲ್ಲರೂ ವಿಚಾರಿಸಬೇಕಾಗಿದೆ.

ಮೊದಲು ಈ ವಸ್ತುವಿನ ಹುಟ್ಟನ್ನು ನೋಡತಕ್ಕದ್ದು. ಗಣಕಯಂತ್ರಗಳು ಕೋಣೆಯಷ್ಟು ದೊಡ್ಡದಿದ್ದ ಕಾಲದಲ್ಲಿ ತಂತ್ರಾಂಶವು ಯಂತ್ರದ ಜೊತೆಗೇ ಬರುತ್ತಿತ್ತು. ಅದಕ್ಕೆ ಪ್ರತ್ಯೇಕ ಬೆಲೆಯೆಂಬುದು ಬಹುಮಟ್ಟಿಗೆ ಇರಲಿಲ್ಲ. 1969ರಲ್ಲಿ ಐಬಿಎಂ ಸಂಸ್ಥೆಯು ಯಂತ್ರದ ಬೆಲೆ ಬೇರೆ, ತಂತ್ರಾಂಶದ ಬೆಲೆ ಬೇರೆ ಎಂದು ಸಾರಿತು. 1975ರಲ್ಲಿ ಅಮೆರಿಕದಲ್ಲಿ ‘ಆಲ್ಟೇರ್ 8800’ ಎಂಬ ಸಣ್ಣ ಯಂತ್ರವು ಹವ್ಯಾಸಿಗಳ ಕೈಗೆ ಬಂದಿತು. ಅದಕ್ಕಾಗಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಎಂಬ ತರುಣರು ‘ಬೇಸಿಕ್’ ಭಾಷೆಯ ತಂತ್ರಾಂಶವನ್ನು ರಚಿಸಿದರು. ರಂಧ್ರಗಳನ್ನು ಕೊರೆದ ಕಾಗದದ ಪಟ್ಟಿಯಲ್ಲಿದ್ದ ಅದನ್ನು ಹವ್ಯಾಸಿಗಳು ಪ್ರತಿ ಮಾಡಿ ಮಿತ್ರರಿಗೆ ಹಂಚಿದರು. 1976ರ ಫೆಬ್ರುವರಿಯಲ್ಲಿ ಗೇಟ್ಸ್ ಅವರು ಹವ್ಯಾಸಿಗಳನ್ನು ಉದ್ದೇಶಿಸಿ ಒಂದು ಬಹಿರಂಗ ಪತ್ರವನ್ನು ಬರೆದರು. ಆಲ್ಟೇರ್ ಕೊಂಡವರಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಜನ ಮಾತ್ರ ಬೇಸಿಕ್‌ಗೆ ಹಣ ಕೊಟ್ಟಿದ್ದಾರೆ, ದೊರೆತ ಹಣವನ್ನು ಹಿಡಿದರೆ ತಮ್ಮ ದುಡಿಮೆಗೆ ಗಂಟೆಗೆ 2 ಡಾಲರ್ ಕೂಡ ಬೀಳುವುದಿಲ್ಲ, ಹೀಗಾದರೆ ಒಳ್ಳೆಯ ತಂತ್ರಾಂಶವನ್ನು ಯಾರು ಬರೆದಾರು ಎಂಬುದು ಅವರ ಅಳಲು. ಹವ್ಯಾಸಿಗಳ ವಾದ ಬೇರೆಯಿತ್ತು. ತಾವು ಕಲಿತುದನ್ನು ಪರಸ್ಪರ ಹಂಚಿಕೊಂಡೇ ಈ ವಿದ್ಯೆ ಬೆಳೆಯಿತು, ಜ್ಞಾನಕ್ಕೆ ಬೇಲಿ ಹಾಕುವುದೆಂತು ಎಂದು ಅವರು ಕೇಳಿದರು. ಅಂದು ಎದ್ದ ಈ ಎರಡು ಮಾತುಗಳು ಇನ್ನೂ ಒಂದಕ್ಕೊಂದು ಎದುರಾಗಿಯೇ ನಿಂತಿವೆ.

ವ್ಯಾಪಾರವನ್ನು ಬಲ್ಲವನಿಗೆ ಗೇಟ್ಸ್ ಅವರ ಮಾತಿನ ತಿರುಳು ಬೇಗನೆ ತಿಳಿಯುತ್ತದೆ. ಬೆಲ್ಲದ ಪ್ರತಿಯೊಂದು ಪೆಂಟೆಗೂ ಕಬ್ಬು ಬೇಕು, ಉರುವಲು ಬೇಕು, ಕೂಲಿ ಬೇಕು. ತಂತ್ರಾಂಶದಲ್ಲಿಯಾದರೋ ಖರ್ಚೆಲ್ಲವೂ ಮೊದಲ ಪ್ರತಿಯ ಮೇಲೆಯೇ ಬೀಳುತ್ತದೆ. ಎರಡನೆಯ ಪ್ರತಿಗೆ ಖರ್ಚಿಲ್ಲವೆಂದೇ ಹೇಳಬೇಕು. ಆದುದರಿಂದ ಎರಡನೆಯ, ನೂರನೆಯ, ಸಾವಿರದ ಪ್ರತಿಗೆ ಕೇಳುವ ಬೆಲೆಯು ಆ ಪ್ರತಿಯ ಖರ್ಚಲ್ಲ, ಮೊದಲ ಪ್ರತಿಯ ಶ್ರಮದಲ್ಲಿ ಕೊಳ್ಳುವವನು ಹೊರಬೇಕಾದ ಪಾಲು. ನಮ್ಮ ನಾಡಿನ ಉದಾಹರಣೆಯೇ ಇದೆ. ಗಿರಣಿಗಳಿಗೆ ಕಚ್ಚಾಮಾಲನ್ನೂ ಯಂತ್ರದ ಬಿಡಿಭಾಗಗಳನ್ನೂ ಪೂರೈಸುತ್ತಿದ್ದ ವ್ಯಾಪಾರಿ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಒಗ್ಗುವ ಲೆಕ್ಕದ ತಂತ್ರಾಂಶವು ಸಿಕ್ಕಲಿಲ್ಲ. ಗಣಿತವನ್ನು ಓದಿದ್ದ ಮಗ ಭರತ್ ಗೋಯೆಂಕಾ ಅವರಿಂದ ಅದನ್ನು ಬರೆಯಿಸಿ, 1986ರಲ್ಲಿ ಬೆಂಗಳೂರಿನಲ್ಲಿ ಪ್ಯೂಟ್ರಾನಿಕ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದೇ ಮುಂದೆ ‘ಟ್ಯಾಲಿ’ ಎಂದು ಮನೆಮಾತಾಯಿತು. ಖಾತೆಗಳನ್ನು ಸಂಕೇತದ ಅಂಕೆಗಳಿಂದ ಕರೆಯದೆ ಹೆಸರುಗಳಿಂದಲೇ ಕರೆಯುವ ಆ ತಂತ್ರಾಂಶವು ಸಾಮಾನ್ಯ ಗುಮಾಸ್ತನ ಕೈಗೂ ಒಗ್ಗಿತು. ವ್ಯಾಪಾರಿಯ ಕಷ್ಟವನ್ನು ವ್ಯಾಪಾರಿಯೇ ಅರಿತು ಮಾಡಿದ ಕೆಲಸವಿದು. ಇದಕ್ಕೆ ಬೆಲೆಯನ್ನು ಕೇಳುವುದು ಲೋಭವೆನಿಸದು; ಅಡತಿಯವನು ದಲಾಲಿಯನ್ನು ಕೇಳಿದಷ್ಟೇ ನ್ಯಾಯವಾದುದು.

ಈಗ ಮೂಲ ಪ್ರಶ್ನೆಗೆ ಬರಬಹುದು. ಒಡೆಯನ ಬಳಿ ಏನೂ ಕಡಿಮೆಯಾಗಲಿಲ್ಲವಾದುದರಿಂದ ಕಳ್ಳತನವಾಗಲಿಲ್ಲ ಎಂಬ ವಾದದಲ್ಲಿ ಒಂದು ದೋಷವಿದೆ. ಅದು ಕಳ್ಳತನವನ್ನು ಕಳೆದುಕೊಂಡವನ ನಷ್ಟದಿಂದ ಅಳೆಯುತ್ತದೆ. ಪ್ರಾಚೀನ ಆಚಾರ್ಯರು ಹಾಗೆ ಅಳೆಯಲಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಎಂಬುದೇ ಅವರು ಮಾಡಿದ ಲಕ್ಷಣ. ‘ಅದತ್ತಾದಾನ’ವೆಂಬ ಶಬ್ದದಲ್ಲಿ ನಷ್ಟದ ಮಾತೇ ಇಲ್ಲ, ಇರುವುದು ಕೊಡುವಿಕೆಯ ಅಭಾವದ ಮಾತು. ಸಿರಿವಂತನ ಕಣಜದಿಂದ ಒಂದು ಹಿಡಿ ಕಾಳು ಹೋದರೆ ಅವನಿಗೆ ನಷ್ಟವು ತಿಳಿಯುವುದೂ ಇಲ್ಲ. ಅಷ್ಟರಿಂದ ಆ ಹಿಡಿ ಕಾಳು ದತ್ತವಾಗುವುದಿಲ್ಲ. ಯಂತ್ರದವನೇ ಹಾಕಿಕೊಟ್ಟನು, ತಾನು ಕೇಳಲಿಲ್ಲ ಎಂಬ ಸಮಾಧಾನವೂ ನಿಲ್ಲದು. ಕದ್ದು ತಂದುದನ್ನು ಸ್ವೀಕರಿಸುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತ್ಯೇಕವಾಗಿ ಹೆಸರಿಸಿರುವುದು ಇಂತಹ ಸಮಾಧಾನಗಳನ್ನು ಮುಂಗಂಡೇ ಇರಬೇಕು. ರಾಜ್ಯದ ನಿಯಮವನ್ನು ಮೀರುವುದೂ ಅದೇ ಪಟ್ಟಿಯಲ್ಲಿದೆ. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಮಾಡಿದ ತಿದ್ದುಪಡಿಯಿಂದ ತಂತ್ರಾಂಶವು ಸಾಹಿತ್ಯಕೃತಿಯೊಳಗೆ ಸೇರಿತು. 1995ರಲ್ಲಿ ಜಾರಿಗೆ ಬಂದ ಇನ್ನೊಂದು ತಿದ್ದುಪಡಿಯು, ಅಕ್ರಮ ಪ್ರತಿಯೆಂದು ತಿಳಿದೂ ಅದನ್ನು ಗಣಕಯಂತ್ರದಲ್ಲಿ ಬಳಸುವವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವನ್ನೂ ವಿಧಿಸಿತು. ಕೊಂಡವನು ತನ್ನ ರಕ್ಷಣೆಗಾಗಿ ಒಂದು ಕಾಪು ಪ್ರತಿಯನ್ನು ಇರಿಸಿಕೊಳ್ಳಲು ಕಾಯಿದೆಯೇ ಅನುಮತಿಸುತ್ತದೆ. ಮತ್ತೊಬ್ಬರಿಗೆ ಹಂಚಲು ಅಲ್ಲ.

ಇಲ್ಲಿ ಬಲವಾದ ಒಂದು ಶಂಕೆ ಉಂಟಾಗುತ್ತದೆ. ಪ್ರತಿ ಮಾಡಿ ಹಂಚುವುದನ್ನು ಪುಣ್ಯವೆಂದೇ ಬಗೆದ ಪರಂಪರೆಯಲ್ಲವೇ ಇದು? ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದನ್ನು ನಾಡು ಸಾವಿರ ವರ್ಷಗಳಿಂದ ಕೊಂಡಾಡುತ್ತಿದೆ. ಅಂದು ತಾಳೆಗರಿಗೆ ಮಾಡಿದುದನ್ನು ಇಂದು ಫ್ಲಾಪಿಗೆ ಮಾಡಿದರೆ ಪುಣ್ಯವು ಪಾಪವಾಗುವುದೆಂತು? ಉತ್ತರವು ಆ ಪ್ರಸಂಗದಲ್ಲಿಯೇ ಇದೆ. ಆ ಸಾಧ್ವಿಯು ಲಿಪಿಕಾರರ ಕೂಲಿಯನ್ನು ತನ್ನ ಧನದಿಂದ ಕೊಟ್ಟಳು. ಕಾವ್ಯವು ಹರಡಲೆಂದೇ ರಚಿತವಾದುದು. ಅಲ್ಲಿ ಯಾರ ನಿರಾಕರಣೆಯನ್ನೂ ಮೀರಿದುದಿಲ್ಲ. ತನ್ನದನ್ನು ಕೊಡುವುದು ದಾನ. ಪರರದನ್ನು ಹಂಚಿ ದಾನಿಯೆನಿಸಿಕೊಳ್ಳುವುದು ದಾನವಲ್ಲ.

ಆದರೂ ಶಂಕೆಯು ಇಷ್ಟಕ್ಕೆ ಮುಗಿಯುವುದಿಲ್ಲ. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲಾ ಗ್ರಂಥದ ತಾಳೆಗರಿಗಳು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಅಧ್ಯಯನಕ್ಕೆ ದೊರೆಯುತ್ತಿರಲಿಲ್ಲ. ಪ್ರತಿ ಮಾಡುವ ಕೆಲಸವು ನಡೆದಾಗ ಗುಟ್ಟಾಗಿ ಮಾಡಿಕೊಂಡ ಒಂದು ಪ್ರತಿಯು ಹೊರಬಿದ್ದು ಸಹಾರನಪುರವನ್ನು ಸೇರಿತು; ಅಲ್ಲಿಂದ ಪ್ರತಿಗಳು ಹರಡಿದವು; 1939ರಲ್ಲಿ ಅಮರಾವತಿಯಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು ಅಚ್ಚಾಯಿತು. ಇಂದು ಸ್ವಾಧ್ಯಾಯ ಮಾಡುವವರೆಲ್ಲರೂ ಆ ಪ್ರಕಟಣೆಗೆ ಋಣಿಗಳು. ಫಲವು ಒಳ್ಳೆಯದಾದ ಮಾತ್ರಕ್ಕೆ ಗುಟ್ಟಿನ ಪ್ರತಿಯು ದತ್ತವಾಗುವುದಿಲ್ಲ. ಆದರೆ ಈ ಪ್ರಸಂಗವು ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ: ಹಂಚಿದರೆ ಕರಗದ ವಸ್ತುವನ್ನು ಬೀಗದೊಳಗೆ ಇಟ್ಟುಕೊಳ್ಳುವವನಿಗೆ ಯಾವ ಹೊಣೆಯೂ ಇಲ್ಲವೇ? ತೆಗೆದುಕೊಳ್ಳುವವನಿಗೆ ಅಚೌರ್ಯವು ಹೇಗೋ, ಹಿಡಿದುಕೊಂಡವನಿಗೆ ಅಪರಿಗ್ರಹವು ಹಾಗೆಯೇ ಅನ್ವಯಿಸುತ್ತದೆ.

ತಂತ್ರಾಂಶದ ಲೋಕದಲ್ಲಿಯೇ ಈ ಹೊಣೆಯನ್ನು ಅರಿತವರು ಹುಟ್ಟಿಕೊಂಡರು. ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಯೋಜನೆಯನ್ನು ಸಾರಿದರು. ಅಂದಿನ ವರ್ಕ್‌ಸ್ಟೇಶನ್‌ಗಳಲ್ಲಿ ನಡೆಯುತ್ತಿದ್ದ ಯುನಿಕ್ಸ್ ತಂತ್ರಾಂಶಕ್ಕೆ ಬದಲಾಗಿ, ಯಾರು ಬೇಕಾದರೂ ಬಳಸಿ, ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಹೊಸದಾಗಿ ಬರೆಯುವುದು ಅದರ ಗುರಿ. ಪರರ ತಂತ್ರಾಂಶಕ್ಕೆ ಬೇಲಿಯಿದೆಯೆಂದು ಅವರು ಬೇಲಿಯನ್ನು ಹಾರಲು ಹೇಳಲಿಲ್ಲ. ಬೇಲಿಯಿಲ್ಲದ ಹೊಲವನ್ನು ತಾವೇ ಉತ್ತರು. 1989ರಲ್ಲಿ ಪ್ರಕಟವಾದ ಅವರ ಪರವಾನಗಿ ಪತ್ರವು, ಪಡೆದವನು ಇನ್ನೊಬ್ಬರಿಗೆ ಕೊಡುವಾಗಲೂ ಅದೇ ಸ್ವಾತಂತ್ರ್ಯವನ್ನು ಕೊಡಬೇಕೆಂದು ವಿಧಿಸಿತು. ಹಾಳೆಯ ಮೇಲಿನ ಕೋಷ್ಟಕವನ್ನು ಗಣಕಯಂತ್ರಕ್ಕೆ ತಂದ ‘ವಿಸಿಕ್ಯಾಲ್ಕ್’ 1979ರಲ್ಲಿ ಆಪಲ್ ಯಂತ್ರಕ್ಕಾಗಿ ಬಂದಿತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಅವರ ಆ ಕಲ್ಪನೆಗೆ ಪೇಟೆಂಟ್ ಇರಲಿಲ್ಲ. ಅಂದಿನ ದಿನಗಳಲ್ಲಿ ತಂತ್ರಾಂಶಕ್ಕೆ ಪೇಟೆಂಟ್ ಸಿಗುವ ಸಂಭವವೇ ಕಡಿಮೆಯಿತ್ತು. ಆದುದರಿಂದ 1983ರಲ್ಲಿ ‘ಲೋಟಸ್ 1-2-3’ ಬಂದು ಮಾರುಕಟ್ಟೆಯನ್ನು ಹಿಡಿಯಿತು. ಅದು ಕಳವಲ್ಲ. ಕಲ್ಪನೆಯಿಂದ ಕಲಿತು ಬೇರೆ ಶ್ರಮದಿಂದ ಬೇರೆ ವಸ್ತುವನ್ನು ಕಟ್ಟುವುದು ಒಂದು, ಕಟ್ಟಿದುದನ್ನೇ ಎತ್ತಿಕೊಳ್ಳುವುದು ಇನ್ನೊಂದು.

ಕನ್ನಡದ ಉದಾಹರಣೆಯು ಇನ್ನೂ ಹತ್ತಿರದ್ದು. ಗಣಕಯಂತ್ರದಲ್ಲಿ ಕನ್ನಡವು ಮೂಡತೊಡಗಿದಾಗ ಒಂದೊಂದು ಸಂಸ್ಥೆಯ ತಂತ್ರಾಂಶವು ಅಕ್ಷರಗಳಿಗೆ ಒಂದೊಂದು ಬಗೆಯ ಸಂಕೇತವನ್ನು ಬಳಸಿತು. ಹಣ ಕೊಟ್ಟು ಕೊಂಡವನು ತಾನೇ ಬೆರಳಚ್ಚಿಸಿದ ಲೇಖನವನ್ನು ಬೇರೆ ತಂತ್ರಾಂಶದಲ್ಲಿ ಓದಲಾಗುತ್ತಿರಲಿಲ್ಲ. ಬರೆದವನ ಮಾತೇ ಅವನಿಗೆ ಬೀಗದೊಳಗಾಯಿತು. ಇಂತಹ ಕಾಲದಲ್ಲಿ ಕೆ. ಪಿ. ರಾವ್ ಅವರು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿಯೇ, ವ್ಯಂಜನದ ಮುಂದೆ ಸ್ವರವನ್ನು ಒತ್ತಿ ಗುಣಿತಾಕ್ಷರವನ್ನು ಪಡೆಯುವ ಸರಳ ವಿನ್ಯಾಸವನ್ನು ರೂಪಿಸಿದರು. ಅದರ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟು, ಸ್ವಾಮ್ಯವನ್ನು ಕೇಳದೆ ಜನರಿಗೆ ಬಿಟ್ಟುಕೊಟ್ಟರು. ಆ ವಿನ್ಯಾಸವನ್ನೇ ಅಲ್ಪ ಮಾರ್ಪಾಡುಗಳೊಡನೆ ಕರ್ನಾಟಕ ಸರ್ಕಾರವು ಶಿಷ್ಟವೆಂದು ಅಂಗೀಕರಿಸಿತು. ‘ನುಡಿ’ ತಂತ್ರಾಂಶವು ಅದನ್ನು ಕಚೇರಿ ಕಚೇರಿಗೂ ಒಯ್ದಿತು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ವು ಉಚಿತವಾಗಿಯೇ ಬಂದಿತು, ಬಹಳ ವರ್ಷಗಳ ಮೇಲೆ ಅದರ ಹೊಸ ಆವೃತ್ತಿಗಳಿಗೆ ಬೆಲೆಯನ್ನು ಇಟ್ಟರು. ಅದೂ ಕೊಡುವವನ ಅಧಿಕಾರವೇ. ಬೆಲೆಯಿಟ್ಟರೆಂದು ಹಿಂದಿನ ದಾನವು ಅಳಿಯುವುದಿಲ್ಲ, ಹಿಂದೆ ಕೊಟ್ಟರೆಂದು ಮುಂದೆಯೂ ಕೊಡಬೇಕೆಂಬ ಹಕ್ಕು ಯಾರಿಗೂ ಹುಟ್ಟುವುದಿಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ವಿವೇಕವು ಲಭಿಸುತ್ತದೆ. ಪ್ರತಿ ಮಾಡುವ ಕ್ರಿಯೆಯು ಎಲ್ಲೆಡೆಯೂ ಒಂದೇ. ಕೈಯ ಚಲನೆಯಲ್ಲಿ ಭೇದವಿಲ್ಲ. ಒಂದೆಡೆ ಅದು ದಾನ, ಇನ್ನೊಂದೆಡೆ ಅದತ್ತಾದಾನ. ಭೇದವನ್ನು ಮಾಡುವುದು ಕೊಟ್ಟವನ ಸಮ್ಮತಿ. ಆದುದರಿಂದ ತಂತ್ರಾಂಶವನ್ನು ಬರೆಯುವವನು ಕೇಳಿಕೊಳ್ಳಬೇಕಾದ ಪ್ರಶ್ನೆ, ತಾನು ಮಾಡಿದ್ದು ಸರಕೋ ದಾರಿಯೋ ಎಂಬುದು. ಲೆಕ್ಕದ ತಂತ್ರಾಂಶವು ಸರಕು. ಅದಕ್ಕೆ ನ್ಯಾಯವಾದ ಬೆಲೆಯನ್ನು ಪಡೆಯಲಿ. ಅಕ್ಷರದ ಸಂಕೇತ, ಕೀಲಿಮಣೆಯ ವಿನ್ಯಾಸ ಇವು ಊರವರೆಲ್ಲರೂ ನಡೆಯುವ ದಾರಿ. ಅಲ್ಲಿ ಸುಂಕದ ಕಟ್ಟೆಯನ್ನು ಹಾಕದಿರುವುದೇ ಶ್ರೇಯಸ್ಸು.

ಬಳಸುವವನ ಪ್ರಶ್ನೆಯು ಇನ್ನೂ ಸರಳ: ಇದು ತನಗೆ ಕೊಟ್ಟದ್ದೇ? ಬೆಲೆಯನ್ನು ತೆರಲಾರದ ಅಂದಿನ ಸಣ್ಣ ವ್ಯಾಪಾರಿಯ ಸ್ಥಿತಿಯು ಕನಿಕರಕ್ಕೆ ಅರ್ಹವೇ ಸರಿ. ಬಡತನವು ದೋಷದ ಭಾರವನ್ನು ಇಳಿಸೀತು, ಕೊಡದುದನ್ನು ಕೊಟ್ಟದ್ದಾಗಿ ಮಾಡದು. ಆತನ ಎದುರಿಗೆ ಕೆಂಪು ಬಟ್ಟೆಯ ಕೀರ್ದಿ ಪುಸ್ತಕವು ಆಗಲೂ ಇತ್ತು. ಅದರಲ್ಲಿ ಬರೆದುದರಿಂದ ಯಾರ ವ್ಯಾಪಾರವೂ ಮುಳುಗಿರಲಿಲ್ಲ. ಇಂದಂತೂ ಆ ಕಾರಣವೂ ಉಳಿದಿಲ್ಲ. ಲಿನಕ್ಸ್, ಲಿಬ್ರೆಆಫೀಸ್, ಯುನಿಕೋಡ್ ಕನ್ನಡದ ಅಕ್ಷರಗಳು ಇವೆಲ್ಲವೂ ಕೊಡಲೆಂದೇ ರಚಿತವಾಗಿವೆ. ಬೆಲೆಯುಳ್ಳದ್ದು ಬೇಕಾದರೆ ಕೊಳ್ಳಬಹುದು, ಬೇಡವಾದರೆ ಕೊಟ್ಟದ್ದನ್ನು ಪಡೆಯಬಹುದು. ಮೂರನೆಯ ದಾರಿಯ ಅಗತ್ಯವಿಲ್ಲ.

ದೇವಾಲಯದ ಟ್ರಸ್ಟುಗಳಿಗೆ ಈ ಮಾತು ಹೆಚ್ಚಾಗಿ ಸಲ್ಲುತ್ತದೆ. ಅಲ್ಲಿಯ ಹಣವು ಭಕ್ತರು ಮನಸಾರೆ ಕೊಟ್ಟದ್ದು, ಅಂದರೆ ದತ್ತವಾದುದು. ಅದರ ಲೆಕ್ಕವನ್ನು ಅದತ್ತವಾದ ಪುಸ್ತಕದಲ್ಲಿ ಬರೆಯುವುದು ಉಚಿತವಲ್ಲ. ವಾರ್ಷಿಕ ಲೆಕ್ಕ ತಪಾಸಣೆಯ ದಿನ ಧರ್ಮದರ್ಶಿಗಳು ಕಚೇರಿಯ ಯಂತ್ರದಲ್ಲಿರುವ ತಂತ್ರಾಂಶಗಳ ಒಂದು ಪಟ್ಟಿಯನ್ನು ಮಾಡಿಸಿ, ಕೊಂಡದ್ದು ಯಾವುದು, ಕೊಟ್ಟದ್ದು ಯಾವುದು, ಎರಡೂ ಅಲ್ಲದ್ದು ಯಾವುದು ಎಂದು ಗುರುತು ಹಾಕಲಿ. ಬಳಿಕ ಖರ್ಚಿನ ಬಾಜೂ ನೋಡಲಿ. ಬಾಳೆಹಣ್ಣಿನ ಖರ್ಚೂ ಕರ್ಪೂರದ ಖರ್ಚೂ ತಪ್ಪದೆ ಬರೆದಿರುವ ಆ ಪುಸ್ತಕದಲ್ಲಿ, ಬೆಲೆಯುಳ್ಳ ತಂತ್ರಾಂಶವು ಬಳಕೆಯಲ್ಲಿದ್ದೂ ಅದರ ಖರೀದಿಯ ಕಲಮು ಎಲ್ಲಿಯೂ ಇಲ್ಲವಾದರೆ, ಆ ವರ್ಷದ ಲೆಕ್ಕವು ತಾಳೆಯಾಗಿಲ್ಲವೆಂದೇ ತಿಳಿಯಬೇಕು.