ಹದಿನಾರು ವಾರಗಳ ಗುರು

ಶಿಕ್ಷಕನಾಗಲು ಇನ್ನೂ ಕಲಿಯುತ್ತಿರುವ ತರುಣನು ತರಗತಿಯ ಹೊರಗೆ ಮಕ್ಕಳೊಡನೆ ಎಷ್ಟು ಸಲುಗೆಯಿಂದ ಇರಬೇಕು? ಮೇಲ್ನೋಟಕ್ಕೆ ಇದು ಶಿಕ್ಷಣ ಮಹಾವಿದ್ಯಾಲಯಗಳವರು ತಮ್ಮಲ್ಲೇ ತೀರ್ಮಾನಿಸಿಕೊಳ್ಳಬಹುದಾದ ಸಣ್ಣ ಪ್ರಶ್ನೆ. ಬಿ.ಎಡ್. ಶಿಕ್ಷಣವು 2015ರಿಂದ ಎರಡು ವರ್ಷಗಳದ್ದಾಯಿತು. ಮೊದಲ ವರ್ಷ 4, ಎರಡನೆಯ ವರ್ಷ 16, ಹೀಗೆ ಒಟ್ಟು 20 ವಾರಗಳನ್ನು ಪ್ರಶಿಕ್ಷಣಾರ್ಥಿಯು ಕ್ಷೇತ್ರಕಾರ್ಯದಲ್ಲಿಯೇ ಕಳೆಯಬೇಕೆಂಬ ನಿಯಮವೂ ಬಂದಿತು. ಹಿಂದೆ ಗೊತ್ತುಪಡಿಸಿದ ಅಭ್ಯಾಸಪಾಠಗಳನ್ನು ಮುಗಿಸಿ ಹೊರಟುಹೋಗುತ್ತಿದ್ದವನು ಈಗ ಮಕ್ಕಳ ದಿನಚರಿಯೊಳಗೆ ಪ್ರವೇಶಿಸುತ್ತಾನೆ. ಹದಿನಾರು ವಾರಗಳು ನಮಗೆ ಅಲ್ಪಕಾಲವಾಗಿರಬಹುದು; ಹನ್ನೆರಡು ವರ್ಷದ ಬಾಲಕನಿಗೆ ಅದೊಂದು ಯುಗವೇ ಸರಿ.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಭೂಮಿಯನ್ನು ಬಲ್ಲವರಿಗೆ ಈ ಪ್ರಶ್ನೆಯ ತೂಕ ಸುಲಭವಾಗಿ ತಿಳಿಯುತ್ತದೆ. ಇಲ್ಲಿ ಎಷ್ಟೋ ಕಡೆ ಊರೆಂದರೆ ಸಾಲುಮನೆಗಳಲ್ಲ. ಗುಡ್ಡದ ಮಗ್ಗುಲಿಗೊಂದು, ತೋಟದ ತಲೆಗೊಂದು ಮನೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯವಾದ ಮೇಲೆ ಶರಾವತಿಯ ಹಿನ್ನೀರಿನಾಚೆಯ ಜನ ದಶಕಗಳ ಕಾಲ ಲಾಂಚನ್ನೇ ನಂಬಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಇಂತಹ ನಾಡಿನಲ್ಲಿ ಮಗುವಿನ ದಿನದ ದೊಡ್ಡ ಭಾಗ ಕಾಲುದಾರಿಯಲ್ಲಿ, ಮಳೆಗಾಲದ ಸಂಕದ ಮೇಲೆ, ಬಸ್ಸು ಕಾಯುವ ಕಟ್ಟೆಯ ಮೇಲೆ ಕಳೆಯುತ್ತದೆ. ಮೊದಲನೆಯ ಅವಧಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿಯೆಂದು ಬರೆದಿಡುವುದು ಸುಲಭ. ಅವನೊಡನೆ ಒಂದು ಸಂಜೆ ದಾರಿ ನಡೆದವನಿಗೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ಆ ಮನೆಯ ದೀಪ ಎಷ್ಟು ಹೊತ್ತಿಗೆ ಆರುತ್ತದೆಂಬುದು ತಿಳಿದೀತು. ಯಕ್ಷಗಾನದ ತಾಳ ಬಲ್ಲ ಬಾಲಕನು ಆಟದ ಬಯಲಿನಲ್ಲಿ ಮೇಷ್ಟ್ರಿಗೇ ಪಾಠ ಹೇಳಬಲ್ಲ. ಒಮ್ಮೆ ಹಾಗೆ ಹೇಳಿಕೊಟ್ಟವನು ಮರುದಿನ ಗಣಿತದಲ್ಲಿ ತನಗೆ ತಿಳಿಯದುದನ್ನು ಕೇಳಲು ಅಷ್ಟಾಗಿ ಅಂಜುವುದಿಲ್ಲ.

ಇದು ಹೊಸ ಮಾತೂ ಅಲ್ಲ. ಕುಪ್ಪಳಿಯ ಮನೆಯಲ್ಲಿ ಬಾಲಕ ಪುಟ್ಟಪ್ಪನಿಗೆ ಮೊದಲು ಅಕ್ಷರ ಕಲಿಸಿದವರು ದಕ್ಷಿಣ ಕನ್ನಡದಿಂದ ಬಂದು ಮನೆಯಲ್ಲೇ ಪಾಠ ಹೇಳಿದ ಉಪಾಧ್ಯಾಯರು. ಅದೇ ಬಾಲಕ ಕುವೆಂಪು ಆಗಿ ಬರೆದ ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಪ್ರಕಟವಾದಾಗ ಅದನ್ನು ಅರ್ಪಿಸಿದ್ದು, ಹತ್ತು ವರ್ಷಗಳ ಹಿಂದೆಯೇ ತೀರಿಕೊಂಡಿದ್ದ ತಮ್ಮ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ. ಕೇವಲ ಪಾಠದ ಋಣ ಅಷ್ಟು ಕಾಲ ಉಳಿಯುವುದಿಲ್ಲವೆಂದು ನಮಗೆ ತೋರುತ್ತದೆ.

ಆದರೂ ಒಂದು ಆಕ್ಷೇಪ ಎದುರು ನಿಲ್ಲುತ್ತದೆ. ಪ್ರಶಿಕ್ಷಣಾರ್ಥಿಯು ಬಂದಿರುವುದು ತನ್ನ ಪದವಿಗಾಗಿ. ಅವನ ಕೆಲಸಕ್ಕೆ ಅಂಕಗಳುಂಟು. ತರಗತಿ ಗಲಾಟೆಯಿಲ್ಲದೆ ನಡೆಯಲೆಂದು ಆತನು ಮಕ್ಕಳ ಪ್ರೀತಿಯನ್ನು ಸಂಪಾದಿಸಿದರೆ, ಆ ಪ್ರೀತಿಯೂ ಭೂಪಟ, ಗೋಳಗಳಂತೆ ಒಂದು ಪಾಠೋಪಕರಣವಾಯಿತಲ್ಲವೆ? ಕೆಲಸ ಮುಗಿದ ಮೇಲೆ ಉಪಕರಣವನ್ನು ಕಪಾಟಿನಲ್ಲಿಡಬಹುದು. ಮಗುವಿನ ಹೃದಯವನ್ನು ಎಲ್ಲಿಡುವುದು? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಇಲ್ಲಿ ದೋಷವಿರುವುದು ಹೊರಟುಹೋಗುವುದರಲ್ಲಿ ಅಲ್ಲ, ಹೊರಡುವೆನೆಂಬುದನ್ನು ಮರೆಮಾಡುವುದರಲ್ಲಿ ಎಂದು ನಮ್ಮ ಅಭಿಮತ. ಜಂಗಮನು ಊರಿನಿಂದೂರಿಗೆ ಸಾಗುವವನೆಂದು ಭಕ್ತರೆಲ್ಲ ಬಲ್ಲರು. ಆದಕಾರಣ ಅವನು ಹೊರಟಾಗ ಮೋಸವಾಯಿತೆಂದು ಯಾರೂ ಅನ್ನುವುದಿಲ್ಲ. ‘ನಾನು ಇಂಥ ತಿಂಗಳವರೆಗೆ ಮಾತ್ರ ಇರುವೆನು’ ಎಂದು ಮೊದಲ ವಾರವೇ ಹೇಳಿದವನ ಸ್ನೇಹ ಅಲ್ಪಕಾಲದ್ದಾದರೂ ಸುಳ್ಳಲ್ಲ.

ಇನ್ನೊಂದು ಸೂಕ್ಷ್ಮವಿದೆ. ಮಾನವ ಸಂಬಂಧಗಳನ್ನು ಕುರಿತು 1923ರಲ್ಲಿ ‘ನಾನು ಮತ್ತು ನೀನು’ ಎಂಬರ್ಥದ ಹೆಸರಿನ ಗ್ರಂಥ ಬರೆದ ದಾರ್ಶನಿಕ ಮಾರ್ಟಿನ್ ಬೂಬರ್, ಅದಕ್ಕೆ ಬಹುಕಾಲದ ಅನಂತರ ಸೇರಿಸಿದ ಹಿನ್ನುಡಿಯಲ್ಲಿ, ಗುರುಶಿಷ್ಯ ಸಂಬಂಧವು ಎರಡೂ ಕಡೆಯಿಂದ ಸಂಪೂರ್ಣ ಸಮಾನವಾಗಲಾರದೆಂದು ಅಭಿಪ್ರಾಯಪಟ್ಟನು. ಗುರುವು ಶಿಷ್ಯನ ಸ್ಥಾನದಲ್ಲಿ ನಿಂತು ನೋಡಬಲ್ಲ, ನೋಡಲೂಬೇಕು. ಶಿಷ್ಯನಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಗೆಳೆಯರಲ್ಲಿ ಬೇಸರವಾದವನು ಎದ್ದು ಹೋಗಬಹುದು. ಮೇಷ್ಟ್ರ ಸಲುಗೆ ಬೇಡವಾದ ಮಗು ಎಲ್ಲಿಗೆ ಹೋದೀತು? ಆದ್ದರಿಂದ ‘ನಾನು ನಿಮ್ಮಲ್ಲೊಬ್ಬ’ ಎನ್ನುವ ತರುಣ ಶಿಕ್ಷಕನ ಮಾತು ಕೇಳಲು ಇಂಪಾದರೂ ಪೂರ್ಣಸತ್ಯವಲ್ಲ. ಬಯಲಿನಲ್ಲಿ, ಜಗಲಿಯಲ್ಲಿ, ಹಿರಿಯರ ಅರಿವಿನಲ್ಲಿ ಬೆಳೆಯುವ ಸ್ನೇಹಕ್ಕೆ ಅಂಜಿಕೆ ಬೇಕಿಲ್ಲ. ಮುಚ್ಚಿದ ಕೋಣೆಯನ್ನೋ ರಾತ್ರಿಯ ಮೊಬೈಲ್ ಸಂದೇಶವನ್ನೋ ಬೇಡುವ ಸ್ನೇಹವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆಯನ್ನು ಮಗುವಿಗೆ ಮುಂಚೆಯೇ ಕೊಟ್ಟುಬಿಡಲೂ ಬಾರದು. ಮಗುವಿನ ಮೇಲೆ ಲೈಂಗಿಕ ಅಪರಾಧವಾದುದು ತಿಳಿದರೆ ವರದಿ ಮಾಡುವುದು 2012ರ ಕಾಯ್ದೆಯಂತೆ ಕಡ್ಡಾಯ.

ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಕಾಡುವುದು ಪಕ್ಷಪಾತ. ರಸ್ತೆಯ ಬದಿಗೇ ತೋಟದ ಮನೆಯಿರುತ್ತದೆ. ಜಗಲಿಯಲ್ಲಿ ಕರೆದು ಕೂರಿಸಿ ಕಾಫಿ ಕೊಡುತ್ತಾರೆ. ಕೂಲಿಯವರ ಬಿಡಾರ ಗುಡ್ಡದ ಮೇಲೆ. ಅಲ್ಲಿಗೆ ದಾರಿ ಜಾರು, ಕೂರಲು ಕುರ್ಚಿಯಿಲ್ಲ, ಕರೆಯಲು ಅವರಿಗೆ ಸಂಕೋಚ. ಯಾವ ದುರುದ್ದೇಶವೂ ಇಲ್ಲದೆ ಮೇಷ್ಟ್ರ ಕಾಲು ಮೊದಲನೆಯ ಮನೆಯತ್ತಲೇ ತಿರುಗುತ್ತದೆ. ಯಾರ ಮನೆಗೆ ಹೋದರು, ಎಲ್ಲಿ ನೀರು ಕುಡಿದರು, ಎಲ್ಲಿ ‘ಈಗ ಬೇಡ’ ಎಂದರು, ಇದನ್ನೆಲ್ಲ ಮಕ್ಕಳು ಲೆಕ್ಕವಿಡುತ್ತಾರೆ. ಹಾಜರಿ ಪುಸ್ತಕಕ್ಕಿಂತ ಆ ಲೆಕ್ಕ ಕಟ್ಟುನಿಟ್ಟು. ಹೊರಗಿನ ಒಡನಾಟವನ್ನು ಆರಂಭಿಸುವವನು ಆದ್ದರಿಂದ ಮೊದಲು ಹತ್ತಬೇಕಾದದ್ದು ಗುಡ್ಡವನ್ನು.

ಹದಿನಾರನೆಯ ವಾರ ಮುಗಿದಾಗ ಆತನ ಬಳಿ ಪಾಠಯೋಜನೆಗಳ ಕಟ್ಟಿನ ಜೊತೆಗೆ ಮಕ್ಕಳ ಬಗೆಗಿನ ತಿಳಿವಳಿಕೆಯೂ ಇರುತ್ತದೆ. ಅದು ಆತನೊಡನೆಯೇ ಹೊರಟುಹೋದರೆ ನಷ್ಟ. ಈ ಹುಡುಗಿಗೆ ಕರಿಹಲಗೆ ಸರಿಯಾಗಿ ಕಾಣದು, ಆ ಹುಡುಗ ನಾಲ್ಕು ಮೈಲಿ ನಡೆದು ಬರುತ್ತಾನೆ ಎಂಬುದನ್ನು ಅಲ್ಲಿಯೇ ಉಳಿಯುವ ಶಿಕ್ಷಕರಿಗೆ ಹೇಳಿ ಹೋಗಬೇಕು. ತಂದೆಯ ಕುಡಿತವನ್ನು ಕುರಿತು ಮಗು ಅಳುತ್ತ ಹೇಳಿದ ಮಾತನ್ನಾದರೋ, ಮಗುವಿಗೆ ಅಪಾಯವಿಲ್ಲದಿದ್ದ ಪಕ್ಷದಲ್ಲಿ, ಅದರ ಒಪ್ಪಿಗೆಯಿಲ್ಲದೆ ಶಿಕ್ಷಕರ ಕೊಠಡಿಯ ಚಹಾದ ಹೊತ್ತಿಗೆ ತರುವಂತಿಲ್ಲ.