ಹಳೆಯ ವಾಹನದ ಗೀರು ಮತ್ತು ಆರ್ಜವಧರ್ಮ

ಪರ್ವದಿನಗಳಲ್ಲಿ ಆಹಾರವನ್ನು ತ್ಯಜಿಸುವುದು ಕಷ್ಟ. ವ್ಯವಹಾರದಲ್ಲಿ ವಕ್ರತೆಯನ್ನು ತ್ಯಜಿಸುವುದು ಅದಕ್ಕಿಂತಲೂ ಕಷ್ಟ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಮೂರನೆಯ ದಿನವು ಉತ್ತಮ ಆರ್ಜವಕ್ಕೆ ಮೀಸಲು. ಮನಸ್ಸಿನಲ್ಲಿ ಇರುವುದೇ ಮಾತಿನಲ್ಲಿ, ಮಾತಿನಲ್ಲಿ ಇರುವುದೇ ಕ್ರಿಯೆಯಲ್ಲಿ ಕಾಣುವುದು ಆರ್ಜವ. ಈ ಮೂರೂ ಬೇರೆ ಬೇರೆಯಾಗುವುದು ಮಾಯೆ. ಮಾಯಾಕಷಾಯವು ತಿರ್ಯಗ್ಗತಿಗೆ ಕಾರಣವೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹೇಳಿರುವುದನ್ನು ಶ್ರಾವಕರು ಪ್ರತಿವರ್ಷವೂ ಕೇಳುತ್ತಾರೆ. ಆದರೆ ಈ ಮಾಯೆಯು ಗೃಹಸ್ಥನ ನಿತ್ಯಜೀವನದಲ್ಲಿ ಎಷ್ಟು ಸಣ್ಣ ಬಾಗಿಲಿನಿಂದ ಒಳಗೆ ಬರುತ್ತದೆ ಎಂಬುದು ವಿಚಾರಮಾಡತಕ್ಕ ವಿಷಯ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಜಯನಗರದ ಒಂದು ಶ್ರಾವಕ ಕುಟುಂಬವು ಹತ್ತು ವರ್ಷ ಬಳಸಿದ ಕಾರನ್ನು ಮಾರಲು ನಿಶ್ಚಯಿಸಿದೆ ಎನ್ನೋಣ. ಯಂತ್ರಭಾಗವು ಚೆನ್ನಾಗಿದೆ. ಆದರೆ ಮಕ್ಕಳ ಶಾಲಾಚೀಲಗಳು ತಾಗಿ ಬಾಗಿಲಿನ ಒಳಹಲಗೆಯಲ್ಲಿ ಬಿಳಿಯ ಗೆರೆಗಳಾಗಿವೆ. ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯಿಂದ ತಂದ ಸಾಮಾನುಗಳನ್ನು ಇಳಿಸಿ ಏರಿಸಿ ಡಿಕ್ಕಿಯ ಅಂಚು ಗೀರಿದೆ. ಬೀಗದ ಕೈಗೊಂಚಲು ತೂಗಾಡಿ ಸ್ಟಿಯರಿಂಗಿನ ಕೆಳಗೆ ಮಚ್ಚೆ ಬಿದ್ದಿದೆ. ಕೊಳ್ಳಲು ಬರುವವರು ಬನಶಂಕರಿಯ ಮಧ್ಯಮವರ್ಗದ ಒಂದು ಸಂಸಾರ. ಅವರಿಗೆ ಇದೇ ಮೊದಲ ಕಾರು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದರೆ, ಸ್ವಲ್ಪ ಹಣಕ್ಕೆ ಒಳಭಾಗವೆಲ್ಲ ಹೊಸದರಂತೆ ಹೊಳೆಯುವುದೆಂದು ಹೇಳುತ್ತಾರೆ. ಹೀಗೆ ಮಾಡಿಸಿ ಮಾರುವುದು ಅಣುವ್ರತಿಗೆ ಉಚಿತವೇ? ಪ್ರಶ್ನೆ ಚಿಕ್ಕದು, ಉತ್ತರವು ಅಷ್ಟು ಸರಳವಲ್ಲ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯಬೇಕು. ಇಂದಿನ ಕಾರುಗಳ ಒಳಹಲಗೆಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಗಡಸುತನಕ್ಕಾಗಿ ಅದಕ್ಕೆ ಅನೇಕ ವೇಳೆ ಟಾಲ್ಕ್ ಎಂಬ ಖನಿಜದ ಪುಡಿಯನ್ನು ಬೆರೆಸಿರುತ್ತಾರೆ. ಗೀರು ಬಿದ್ದೆಡೆ ಮೇಲ್ಮೈ ಒರಟಾಗಿ ಬೆಳಕು ಚದುರುವುದರಿಂದ ಕಪ್ಪು ಹಲಗೆಯ ಮೇಲೆ ಬಿಳಿಯ ಗೆರೆ ತೋರುತ್ತದೆ. ಇದಕ್ಕೆ ಮೂರು ಬಗೆಯ ಉಪಾಯಗಳಿವೆ. ಬಿಸಿಗಾಳಿಯ ಯಂತ್ರದಿಂದ ಹದವಾಗಿ ಕಾಯಿಸಿದರೆ ಆಳವಿಲ್ಲದ ಗೆರೆಗಳು ಬಹುಪಾಲು ಮಾಯುತ್ತವೆ. ಹದ ತಪ್ಪಿದರೆ ಹಲಗೆಯೇ ಕರಗಿ ಹೊಳಪಿನ ಕಲೆಯಾಗುತ್ತದೆ. ಆಳವಾದ ಗೀರಿಗೆ ಲೇಪ ತುಂಬಿ, ಉಜ್ಜಿ, ಬಣ್ಣ ಹೊಡೆಯಬೇಕು. ಮೂರನೆಯದು ಸಿಲಿಕೋನ್ ಎಣ್ಣೆಯ ಹೊಳಪು. ಅದನ್ನು ಒರೆಸಿದೊಡನೆ ಗೆರೆಗಳು ಕಣ್ಮರೆಯಾಗುತ್ತವೆ, ಆದರೆ ಬಿಸಿಲು, ಧೂಳು, ಒದ್ದೆಬಟ್ಟೆಗಳ ಮುಂದೆ ಆ ಹೊಳಪು ಬಹುದಿನ ನಿಲ್ಲದೆ ಗೆರೆ ಮತ್ತೆ ತಲೆಯೆತ್ತುತ್ತದೆ. ಮೊದಲಿನ ಎರಡು ದುರಸ್ತಿ, ಕೊನೆಯದು ಮುಸುಕು.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಕೃತಕವಾದ ಚಿನ್ನ ಮುಂತಾದುವುಗಳನ್ನು ತೋರಿಸಿ ವಂಚನೆಯಿಂದ ನಡೆಸುವ ವ್ಯಾಪಾರವೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇದನ್ನು ವಿವರಿಸಿದ್ದಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರರು ಸದೃಶ ಸನ್ಮಿಶ್ರವೆಂಬ ಹೆಸರಿನಿಂದ, ಒಂದರಂತೆಯೇ ತೋರುವ ಇನ್ನೊಂದನ್ನು ಬೆರೆಸುವುದನ್ನು ನಿಷೇಧಿಸಿದ್ದಾರೆ. ಇಲ್ಲಿ ದೋಷದ ತಿರುಳು ವಸ್ತುವಿನಲ್ಲಿಲ್ಲ, ವಂಚನೆಯ ಭಾವದಲ್ಲಿದೆ. ಹರಿದ ವಸ್ತ್ರವನ್ನು ಹೊಲಿಯುವುದು, ಮಾಸಿದ ಗೋಡೆಗೆ ಸುಣ್ಣ ಬಳಿಯುವುದು ದೋಷವಲ್ಲ. ಹಾಗೆಯೇ ಗೀರನ್ನು ಸರಿಪಡಿಸುವುದೂ ದೋಷವಲ್ಲ. ಹಾಗಾದರೆ ದುರಸ್ತಿಯು ಎಲ್ಲಿ ಮಾಯೆಯಾಗುತ್ತದೆ?

ಇದಕ್ಕೆ ಒಂದು ಒರೆಗಲ್ಲುಂಟು. ಮಾಡಿದ ಕೆಲಸವನ್ನು ಕೊಳ್ಳುವವನಿಗೆ ಹೇಳಿದ ಮೇಲೂ ಅದರ ಪ್ರಯೋಜನ ಉಳಿಯುವುದೇ ಎಂದು ಕೇಳಿಕೊಳ್ಳಬೇಕು. “ಈ ಹಲಗೆಯಲ್ಲಿ ಗೀರಿತ್ತು, ಸರಿಪಡಿಸಿದೆ” ಎಂದು ಹೇಳಿದರೂ ಒಳ್ಳೆಯ ದುರಸ್ತಿಯ ಬೆಲೆ ಕುಂದುವುದಿಲ್ಲ; ಹಲಗೆ ನಿಜವಾಗಿಯೂ ಉತ್ತಮವಾಗಿದೆ. “ಎಣ್ಣೆ ಹಚ್ಚಿದೆ, ಕೆಲವು ದಿನಗಳಲ್ಲಿ ಗೆರೆ ಮತ್ತೆ ಕಾಣುವುದು” ಎಂದು ಹೇಳಿದ ಕ್ಷಣವೇ ಹೊಳಪಿನ ಬೆಲೆ ಇಲ್ಲವಾಗುತ್ತದೆ. ಮೌನದಿಂದ ಮಾತ್ರ ಬೆಲೆ ಪಡೆಯುವ ಕೆಲಸವು ವಸ್ತುವಿನ ಮೇಲೆ ನಡೆದುದಲ್ಲ, ಇನ್ನೊಬ್ಬನ ಕಣ್ಣಿನ ಮೇಲೆ ನಡೆದುದು.

ರಾಜಶಾಸನವೂ ಈ ಪ್ರಶ್ನೆಯನ್ನು ಎದುರಿಸಿದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣವು ತಿಳಿದ ಸಂಗತಿಯನ್ನು ಕ್ರಿಯೆಯಿಂದ ಮರೆಮಾಚುವುದನ್ನು ವಂಚನೆ ಎನ್ನುತ್ತದೆ. ಬರಿಯ ಮೌನವನ್ನು ಸಾಮಾನ್ಯವಾಗಿ ವಂಚನೆ ಎನ್ನುವುದಿಲ್ಲ. ಅಲ್ಲಿ ಕುದುರೆಯ ದೃಷ್ಟಾಂತಗಳಿವೆ. ರೋಗವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಏನೂ ಹೇಳದಿದ್ದರೆ ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ವಯಸ್ಕಳಾದ ಅವನ ಮಗಳೇ ಆಗಿದ್ದರೆ, ದೋಷವನ್ನು ತಿಳಿಸುವುದು ಅವನ ಕರ್ತವ್ಯ. ಕೊಳ್ಳುವವನು “ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ” ಎಂದಾಗ ಸುಮ್ಮನಿರುವುದು ಮಾತಿಗೆ ಸಮಾನ. ವಾಹನದ ಹೆಸರು ಬದಲಾಯಿಸಲು ಸಾರಿಗೆ ಕಚೇರಿಗೆ ಕೊಡುವ 29 ಮತ್ತು 30ನೆಯ ನಮೂನೆಗಳಲ್ಲಿ ಗೀರಿನ ವಿಷಯವೇ ಇಲ್ಲ. ಶಾಸನದ ಬೇಲಿ ಅಲ್ಲಿಗೆ ಮುಗಿಯಿತು. ಶ್ರಾವಕನಿಗಾದರೋ ಸಕಲ ಜೀವಿಗಳಲ್ಲಿ ಮೈತ್ರೀಭಾವವು ವಿಧಿಸಲ್ಪಟ್ಟಿದೆ. ತಂದೆಯು ಮಗಳಿಗೆ ಏನನ್ನು ಹೇಳಬೇಕೆಂದು ಶಾಸನವು ಬಯಸುತ್ತದೆಯೋ ಅದನ್ನು ಶ್ರಾವಕನು ಅಪರಿಚಿತನಾದ ಗಿರಾಕಿಗೂ ಹೇಳಬೇಕು. ವ್ರತವು ಶಾಸನಕ್ಕಿಂತ ಮುಂದೆ ಹೋಗುವುದು ಇಷ್ಟು ದೂರ.

“ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ವಿಚಾರವೇ? ಎಲ್ಲರೂ ಮಾಡುವುದೇ ಅಲ್ಲವೇ?” ಎಂಬ ಆಕ್ಷೇಪ ಬರಬಹುದು. ವ್ರತಭಂಗವು ಒಮ್ಮೆಲೇ ಆಗುವುದಿಲ್ಲವೆಂಬುದೇ ಇದಕ್ಕೆ ಉತ್ತರ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳೆಂಬ ನಾಲ್ಕು ಮೆಟ್ಟಿಲುಗಳನ್ನು ಆಚಾರ್ಯ ಅಮಿತಗತಿಗಳು ವಿಂಗಡಿಸಿದ್ದಾರೆ. ಗೆರೆಯನ್ನು ಮರೆಮಾಚಿದರೆ ಹೆಚ್ಚು ಬೆಲೆ ಬರುವುದೆಂದು ಮನಸ್ಸು ಕದಡುವುದು ಮೊದಲನೆಯದು. ಅದಕ್ಕಾಗಿ ಅಂಗಡಿಗೆ ಹೊರಡುವುದು ಎರಡನೆಯದು. ಎಣ್ಣೆ ಹಚ್ಚಿ ಸುಮ್ಮನಿರುವುದು ಮೂರನೆಯದು. ಕೇಳಿದಾಗ “ಗೀರೇ ಬಿದ್ದಿಲ್ಲ” ಎನ್ನುವುದು ನಾಲ್ಕನೆಯದು. ಮೊದಲ ಮೆಟ್ಟಿಲಿನಲ್ಲಿ ಹಿಂದಿರುಗುವುದು ಸುಲಭ. ನಾಲ್ಕನೆಯದನ್ನು ಮುಟ್ಟಿದವನಿಗೆ ವ್ರತವೇ ಉಳಿದಿಲ್ಲ. ಕೊಳ್ಳುವವನೂ ಈ ವಿಚಾರದಿಂದ ಹೊರತಲ್ಲ. ತನಗೆ ಲೆಕ್ಕಕ್ಕಿಲ್ಲದ ಗೆರೆಯನ್ನು ಮಹಾದೋಷವೆಂದು ಸಾರಿ ಬೆಲೆ ಇಳಿಸುವವನೂ ವಕ್ರತೆಯಲ್ಲಿಯೇ ನಡೆಯುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದ ಮಾಯೆಯೂ ಉಂಟು. ಗುರುಗಳ ಮುಂದೆ ಮಾಡುವ ಆಲೋಚನೆಯ ಹತ್ತು ದೋಷಗಳಲ್ಲಿ, ಪರರು ಕಂಡುದನ್ನು ಮಾತ್ರ ಹೇಳುವುದು ಒಂದು. ಸಣ್ಣ ತಪ್ಪನ್ನು ಒಪ್ಪಿ ದೊಡ್ಡದನ್ನು ಮುಚ್ಚಿಡುವುದು ಇನ್ನೊಂದು. ವ್ಯಾಪಾರದಲ್ಲಿಯೂ ಇವು ಕಾಣುತ್ತವೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಅನೇಕ ಬಡಾವಣೆಗಳು ಜಲಾವೃತವಾಗಿ ಕಾರುಗಳು ನೀರಿನಲ್ಲಿ ಮುಳುಗಿದವು. ಅಂತಹ ಕಾರಿನ ಒಳಭಾಗವನ್ನು ಶುಚಿಗೊಳಿಸಿ, “ಇಲ್ಲಿ ಒಂದು ಗೀರಿದೆ, ನೋಡಿ” ಎಂದು ಪ್ರಾಮಾಣಿಕತೆಯನ್ನು ಪ್ರದರ್ಶಿಸಿ, ಒಳಗಿನ ತಂತಿಗಳಿಗೆ ತುಕ್ಕು ಹಿಡಿಯುತ್ತಿರುವುದನ್ನು ಮುಚ್ಚಿಟ್ಟರೆ, ಹೇಳಿದ ಸತ್ಯವೇ ಅಸತ್ಯದ ಉಪಕರಣವಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಗಾಳಿಚೀಲವು ಹೊರಬರಬೇಕಾದ ಕಡೆ ಲೇಪ ತುಂಬಿ ಬಣ್ಣ ಹೊಡೆದರೆ ಅಪಘಾತದ ಸಮಯದಲ್ಲಿ ಅದು ಸರಿಯಾಗಿ ತೆರೆಯದೆ ಹೋಗಬಹುದು. ಇಲ್ಲಿಗೆ ಬಂದಾಗ ಪ್ರಶ್ನೆಯು ಅಚೌರ್ಯವನ್ನು ದಾಟಿ ಅಹಿಂಸೆಯನ್ನೇ ಮುಟ್ಟುತ್ತದೆ. ಸೌಂದರ್ಯದ ಲೇಪದ ಹಿಂದೆ ಪರರ ಪ್ರಾಣವಿರಬಹುದೆಂಬುದನ್ನು ಮರೆಯಬಾರದು.

ಮಾರದೆ ತನಗಾಗಿಯೇ ಸರಿಪಡಿಸಿಕೊಳ್ಳುವವನಿಗೂ ಒಂದು ಮಾತು. ಮೂರ್ಛೆಯೇ ಪರಿಗ್ರಹವೆಂಬುದು ಆಗಮದ ನಿರ್ಣಯ. ಒಂದು ಗೆರೆಗಾಗಿ ಇಡೀ ಹಲಗೆಯನ್ನು ಎಸೆದು ಹೊಸದನ್ನು ತರಿಸುವುದಕ್ಕಿಂತ ಇದ್ದುದನ್ನೇ ಸರಿಪಡಿಸುವುದರಲ್ಲಿ ಆರಂಭ ಕಡಮೆ. ಮಗುವಿನ ಚೀಲ ತಾಗಿತೆಂದು ಮಗುವನ್ನು ಗದರಿಸಿ ಕಣ್ಣೀರಿಡಿಸುವವನ ಗೀರು ಹಲಗೆಯಲ್ಲಿಲ್ಲ, ಚಿತ್ತದಲ್ಲಿದೆ. ಮೀಸೆಗೆ ಅಂಟಿದ ಬೆಣ್ಣೆಯನ್ನು ಕೂಡಿಟ್ಟು, ಐಶ್ವರ್ಯದ ಕನಸು ಕಾಣುತ್ತ ತುಪ್ಪದ ಗಡಿಗೆಯನ್ನು ಒದ್ದು ಬೆಂಕಿಗೆ ತುತ್ತಾದ ಶ್ಮಶ್ರುನವನೀತನ ಕಥೆಯನ್ನು ಅಂಥವರು ನೆನೆಯಬೇಕು. ಚರ್ಮದ ಆಸನಗಳನ್ನು ಶ್ರಾವಕರು ಮೊದಲೇ ವರ್ಜಿಸುವುದು ಯೋಗ್ಯ. ಚರ್ಮಕ್ಕೆ ಹಚ್ಚುವ ಎಷ್ಟೋ ಲೇಪಗಳಲ್ಲಿ ಜೇನುಮೇಣವಿರುವುದರಿಂದ ಮಧುತ್ಯಾಗಿಗಳು ಅವುಗಳನ್ನೂ ಪರೀಕ್ಷಿಸಿ ಬಿಡಬೇಕು.

ಇಂದ್ರಿಯಗಳು ವಿಷಯಗಳನ್ನು ತೊರೆದು ಒಳಮುಖವಾಗಿ ನೆಲೆಸುವುದೇ ಉಪವಾಸವೆಂದು ಪೂಜ್ಯಪಾದರ ಅಭಿಪ್ರಾಯ. ಚತುರ್ದಶಿಯಂದು ಚತುರ್ವಿಧ ಆಹಾರವನ್ನು ಬಿಟ್ಟವನು ಅದೇ ದಿನ ಎಣ್ಣೆಯ ಹೊಳಪನ್ನು ಬೆಲೆಗೆ ಮಾರಿದರೆ, ಅವನ ಉಪವಾಸವೂ ಹೊಳಪೇ ಆದೀತು. ಆದ್ದರಿಂದ ಪರ್ವಕಾಲದಲ್ಲಿ ಏಕಾಶನದೊಡನೆ ಇನ್ನೊಂದು ನಿಯಮವನ್ನೂ ಸ್ವೀಕರಿಸಬಹುದು: ಈ ವರ್ಷ ಯಾವ ವಸ್ತುವನ್ನು ಮಾರಿದರೂ ಅದರ ದೋಷವನ್ನು ಗಿರಾಕಿ ಕೇಳುವ ಮೊದಲೇ ಹೇಳುವೆನು, ದೊಡ್ಡದನ್ನು ಮೊದಲು, ಸಣ್ಣದನ್ನು ಆಮೇಲೆ. ಇದರಿಂದ ಕೆಲವು ಸಾವಿರ ರೂಪಾಯಿಗಳ ನಷ್ಟವಾಗಬಹುದು. ಅಷ್ಟು ಹಣವು ಆ ವ್ರತದ ಉಪವಾಸವೆಂದು ತಿಳಿದರೆ ನಷ್ಟವೆನಿಸದು.