ದೇವಾಲಯದ ಹಾಡಿಗೆ ಕಲಿತವರು

ಆಧಾರವಾಕ್ಯ: ಒಂದನೆಯ ಪೂರ್ವಕಾಲವೃತ್ತಾಂತ 25:1–8



ಈ ಅಧ್ಯಾಯವು ಹೆಸರುಗಳಿಂದ ತುಂಬಿರುವದರಿಂದ ಅನೇಕರು ಪುಟವನ್ನು ತಿರುವಿ ಮುಂದಕ್ಕೆ ಹೋಗುವದುಂಟು. ಆದರೆ ಆ ಹೆಸರುಗಳ ನಡುವೆ ಒಂದು ಲೆಕ್ಕವಿದೆ. ಅದರ ಮೇಲೆ ಈ ಹೊತ್ತು ಮನಸ್ಸಿಡೋಣ. ದಾವೀದನು ದೇವರ ಆಲಯದ ಗಾನಸೇವೆಗಾಗಿ ಆಸಾಫ, ಹೇಮಾನ, ಯೆದುತೂನ ಎಂಬವರ ಮನೆತನಗಳಿಂದ ಜನರನ್ನು ಪ್ರತ್ಯೇಕಿಸಿದನು. ಅವರು ಒಟ್ಟು 288 ಮಂದಿ. ಹನ್ನೆರಡು ಮಂದಿಗೆ ಒಂದರಂತೆ 24 ವರ್ಗಗಳಾದವು. ಇವರು ದೇವರ ಹಾಡನ್ನು ಕಲಿತವರೂ ಅದರಲ್ಲಿ ನಿಪುಣರೂ ಆಗಿದ್ದರೆಂದು ಏಳನೆಯ ವಚನವು ತಿಳಿಸುತ್ತದೆ. ಸರದಿಗಾಗಿ ಚೀಟು ಹಾಕುವಾಗ ದೊಡ್ಡವನು ಸಣ್ಣವನು, ಗುರುವು ಶಿಷ್ಯನು ಎಂಬ ಭೇದವಿರಲಿಲ್ಲವೆಂದು ಎಂಟನೆಯ ವಚನವು ತಿಳಿಸುತ್ತದೆ. ಹೀಗಿರಲಾಗಿ ದೇವರ ಆಲಯದಲ್ಲಿ ಹಾಡುವದು ಒಂದು ಸೇವೆ. ಆ ಸೇವೆಗೆ ಕಲಿಕೆ ಬೇಕು. ಕಲಿತವರು ಕಲಿಯುವವರ ಪಕ್ಕದಲ್ಲಿಯೇ ನಿಲ್ಲಬೇಕು. ಈ ಮೂರು ಸಂಗತಿಗಳು ನಮ್ಮ ವಚನದೊಳಗಿವೆ.

ಇದು ನಮ್ಮ ಮನೆಗಳಿಗೆ ಸಂಬಂಧಪಟ್ಟ ಮಾತು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಯಲ್ಲಿ ಒಬ್ಬ ಮಗನೋ ಮಗಳೋ, ಅಪ್ಪಾ, ನಾನು ಕ್ರೈಸ್ತ ಕಾಲೇಜಿಗೆ ಹೋಗಿ ಸಂಗೀತವನ್ನು ಕಲಿತು ಸಭೆಯ ಸೇವೆ ಮಾಡುವೆನು ಅಂದರೆ, ತಂದೆಯ ಬಾಯಿಂದ ಬರುವ ಮೊದಲನೆಯ ಮಾತು ಯಾವದು? ಹಾಡು ರೊಟ್ಟಿ ಕೊಟ್ಟೀತೇ? ಎಂಬದೇ. ಎರಡನೆಯ ಮಾತು, ಹಾಡಲಿಕ್ಕೆ ಕಾಲೇಜು ಯಾಕೆ, ದೇವರು ಕೊರಳು ಕೊಟ್ಟರೆ ಸಾಲದೇ? ಎಂಬದು. ಈ ಎರಡು ಮಾತುಗಳನ್ನು ತಾತ್ಸಾರ ಮಾಡದೆ ಒಂದೊಂದಾಗಿ ವಿಚಾರಿಸೋಣ.

ಮೊದಲು ಎರಡನೆಯ ಮಾತನ್ನು ತೆಗೆದುಕೊಳ್ಳುವೆನು. ಕೊರಳು ದೇವರ ದಾನವೆಂಬದು ಸತ್ಯ. ಎರೆಹೊಲವೂ ದೇವರ ದಾನವೇ. ಆದರೆ ರಂಟೆ ಹೊಡೆಯದೆ, ಹರಗದೆ, ಹದ ನೋಡಿ ಕೂರಿಗೆ ಹೂಡದೆ ಬಿಳಿಜೋಳವನ್ನು ಬೆಳೆದವರು ನಮ್ಮಲ್ಲಿ ಯಾರಾದರೂ ಇದ್ದಾರೆಯೇ? ಒಡಂಬಡಿಕೆಯ ಮಂಜೂಷವನ್ನು ತರುವಾಗ ಲೇವಿಯರ ಹಾಡಿಗೆ ಕೆನನ್ಯನನ್ನು ಮುಖ್ಯಸ್ಥನನ್ನಾಗಿ ಮಾಡಿದ ಕಾರಣವು ಅವನು ಅದರಲ್ಲಿ ಪ್ರವೀಣನಾಗಿದ್ದನೆಂಬದೇ (1 ಪೂರ್ವಕಾಲ. 15:22). ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಆತ್ಮದಿಂದ ಹಾಡುವದರ ಜೊತೆಗೆ ಬುದ್ಧಿಯಿಂದಲೂ ಹಾಡುವದನ್ನು ಇಟ್ಟಿದ್ದಾನೆ (1 ಕೊರಿಂಥ. 14:15).

ಕಲಿಕೆಯ ಶ್ರಮವೇನೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕುಂದಗೋಳದಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರರು (1886–1952) ಸವಾಯಿ ಗಂಧರ್ವರೆಂದು ಹೆಸರಾದರು. ಅವರ ಬಳಿಯಲ್ಲಿ ಕಲಿಯುವದಕ್ಕೋಸ್ಕರ ಗಂಗೂಬಾಯಿ ಹಾನಗಲ್ಲರು (1913–2009) ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದರು. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದು ವರುಷದ ಹುಡುಗನಾಗಿರುವಾಗಲೇ, ಗುರುವನ್ನು ಹುಡುಕುತ್ತಾ ಮನೆ ಬಿಟ್ಟು ಹೊರಟು, ಬಹಳ ಊರುಗಳನ್ನು ಅಲೆದು, ಕಡೆಗೆ ಅದೇ ಕುಂದಗೋಳದ ಗುರುವಿನ ಬಾಗಿಲಿಗೆ ಬಂದರು. ಕಲೆಯ ಮೇಲಣ ಪ್ರೀತಿಯು ಮನುಷ್ಯರನ್ನು ಇಷ್ಟು ದುಡಿಸುವದಾದರೆ, ರಕ್ಷಕನ ಮೇಲಣ ಪ್ರೀತಿಯು ನಮ್ಮನ್ನು ವಾರಕ್ಕೆ ಒಂದು ಸಂಜೆಯ ಅಭ್ಯಾಸಕ್ಕಾದರೂ ಎಬ್ಬಿಸಬಾರದೇ?

ಸುಧಾರಣೆಯ ಕಾಲದ ಸಭೆಗಳಲ್ಲಿಯೂ ಹೀಗೆಯೇ ನಡೆಯಿತು. ಜನರು ತಮ್ಮ ಸ್ವಂತ ಭಾಷೆಯಲ್ಲಿ ಹಾಡಬೇಕೆಂದು ಲೂಥರನು 1524ರಲ್ಲಿ ಗೀತಪುಸ್ತಕಗಳನ್ನು ಹೊರಡಿಸುವದಕ್ಕೆ ಕೈಹಾಕಿದನು. ಶಾಲೆಯ ಗುರುವಿಗೆ ಹಾಡಲು ಬರಬೇಕೆಂಬದು ಅವನ ಅಭಿಪ್ರಾಯವಾಗಿತ್ತು. ಬಾಖ್ ಎಂಬ ಮಹಾ ಸಂಗೀತಗಾರನು 1723ರಿಂದ 1750ರಲ್ಲಿ ಸಾಯುವ ವರೆಗೆ ಲೈಪ್ಜಿಗ್ ಪಟ್ಟಣದಲ್ಲಿ ಸಭೆಯ ಹಾಡನ್ನು ನಡಿಸುತ್ತಾ ಅಲ್ಲಿಯ ಶಾಲೆಯ ಹುಡುಗರಿಗೆ ಸಂಗೀತವನ್ನು ಕಲಿಸುವವನಾಗಿದ್ದನು. ತನ್ನ ಅನೇಕ ಕೃತಿಗಳ ಕೊನೆಯಲ್ಲಿ, ಮಹಿಮೆಯು ದೇವರೊಬ್ಬನಿಗೇ ಎಂಬ ಅರ್ಥದ ಮೂರು ಅಕ್ಷರಗಳನ್ನು ಬರೆದಿಟ್ಟನು.

ನಮ್ಮ ನಾಡಿಗೆ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಅವರು ತಮ್ಮ ದೇಶದ ರಾಗಗಳನ್ನು ತಂದರು. ಮೊಗ್ಲಿಂಗ್, ವೈಗ್ಲೆ ಮೊದಲಾದವರು ಕನ್ನಡದಲ್ಲಿ ಗೀತಗಳನ್ನು ರಚಿಸಿದರು. ಆದರೆ ಅವರು ಕಲಿಸುವದಕ್ಕೆ ಮಾತ್ರ ಬಂದವರಲ್ಲ. 1847ರಲ್ಲಿ ಮಂಗಳೂರಿನಲ್ಲಿ ಉಪದೇಶಿಗಳ ಶಾಲೆಯನ್ನು ಸ್ಥಾಪಿಸಿದ ಅದೇ ಮೊಗ್ಲಿಂಗರು ಈ ನಾಡಿನ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಕಿಟ್ಟೆಲರು ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಶೋಧಿಸಿ ಅಚ್ಚಿಗೆ ತಂದರು. ಪರದೇಶದವರು ನಮ್ಮ ಹಾಡಿನ ಅಳತೆಯನ್ನು ಕಲಿಯಲು ಇಷ್ಟು ವರುಷ ಕೂತಿರಲಾಗಿ, ಈ ಮಣ್ಣಿನಲ್ಲಿ ಹುಟ್ಟಿದ ನಾವು ಕಲಿಯದೆ ಹಾಡೇವೆನ್ನುವದು ತರವೇ?

ಹಾಗಾದರೆ ಕಾಲೇಜಿನಲ್ಲಿ ಕಲಿಯುವದೇನು? ಶ್ರುತಿ, ಸ್ವರ, ತಾಳಗಳು ಮೊದಲನೆಯವು. ರಾಗವನ್ನು ಗುರುತಿನಿಂದ ಬರೆಯುವದೂ, ಬರೆದದ್ದನ್ನು ಓದುವದೂ ಮುಂದಿನದು. ಇದು ಸಣ್ಣ ಸಂಗತಿಯಲ್ಲ. ನಮ್ಮ ಸಭೆಗಳಲ್ಲಿ ಕೆಲವು ಹಳೆಯ ಗೀತಗಳ ಮಾತುಗಳು ಪುಸ್ತಕದಲ್ಲಿವೆ, ರಾಗವೋ ಒಬ್ಬ ಮುದುಕಿಯ ಕೊರಳಿನಲ್ಲಿ ಮಾತ್ರವಿದೆ. ಆಕೆಯನ್ನು ಮಣ್ಣಿಗೆ ಕೊಡುವ ದಿನ ಆ ರಾಗವನ್ನೂ ಮಣ್ಣಿಗೆ ಕೊಡುವೆವು. ನವಲಗುಂದದ ಜಮಖಾನೆಯನ್ನು ನೇಯುವ ಹೆಣ್ಣುಮಕ್ಕಳನ್ನು ಕೇಳಿರಿ: ಹಿರಿಯರ ಕೈಯಿಂದ ಕಿರಿಯರ ಕೈಗೆ ಬಾರದ ಚಿತ್ತಾರವು ಆ ತಲೆಮಾರಿಗೇ ಮುಗಿಯಿತು ಅನ್ನುವರು.

ಇದಲ್ಲದೆ ಸಂಗೀತಸೇವೆಯ ವಿದ್ಯಾರ್ಥಿಯು ಆರಾಧನೆಯ ಕ್ರಮವನ್ನು ತಿಳಿಯಬೇಕು. ಉಪದೇಶಕ್ಕೂ ಕಾಲಕ್ಕೂ ತಕ್ಕ ಗೀತವನ್ನು ಆರಿಸಬೇಕು. ಗೀತದ ಮಾತು ದೇವರ ವಾಕ್ಯಕ್ಕೆ ಒಪ್ಪುವದೋ ಎಂದು ತೂಗಿ ನೋಡಬೇಕು. ಆದದರಿಂದ ಈ ಕಲಿಕೆಯನ್ನು ದೈವಜ್ಞಾನದಿಂದ ಬೇರೆ ಮಾಡಲಾಗದು. ಮಧುರೆಯ ದೈವಜ್ಞಾನ ಕಾಲೇಜಿನಲ್ಲಿ ಗುರುವಾಗಿದ್ದ ಥಿಯೊಫಿಲಸ್ ಅಪ್ಪಾವು (1940–2005) ಎಂಬವರು ಹಳ್ಳಿಯ ಬಡಜನರ ಮಾತಿನಲ್ಲಿ, ಅವರದೇ ಜನಪದ ಧಾಟಿಯಲ್ಲಿ ಆರಾಧನೆಯ ಹಾಡುಗಳನ್ನು ಕಟ್ಟಿ ವಿದ್ಯಾರ್ಥಿಗಳಿಗೆ ಕಲಿಸಿದರು. ಅವರಿಗಿಂತ ಬಹಳ ಮುಂಚೆ ತಂಜಾವೂರಿನ ವೇದನಾಯಕ ಶಾಸ್ತ್ರಿಗಳು ತಮಿಳಿನಲ್ಲಿಯೂ, ನಾರಾಯಣ ವಾಮನ ಟಿಳಕರು ಮರಾಠಿಯಲ್ಲಿಯೂ ಇಂಥ ಸೇವೆಯನ್ನು ಮಾಡಿದರು. ಹಾಗಂದ ಮೇಲೆ ಹಳ್ಳಿಯ ತಾಳ, ದಪ್ಪು, ಏಕತಾರಿಗಳನ್ನು ಬಿಟ್ಟುಬಿಟ್ಟರೆ ಮಾತ್ರ ಕಲಿತವರಾದೇವೆಂದು ಯಾರೂ ನೆನಸಬಾರದು. ಪೇಟಿಯನ್ನು ಬಾರಿಸುವ ಬೆರಳು ದಪ್ಪನ್ನು ಹೀನೈಸಬಾರದು.

ಈಗ ರೊಟ್ಟಿಯ ಮಾತು. ತಂದೆಯ ಈ ಪ್ರಶ್ನೆಯು ಅವಿಶ್ವಾಸದ್ದಲ್ಲ. ಮಳೆ ತಪ್ಪಿದ ವರುಷಗಳನ್ನು ಕಂಡವನ ಪ್ರಶ್ನೆಯದು. ಸಂಗೀತದಿಂದ ಹಣವು ಬಹಳ ಬರುವದೆಂದು ಹೇಳಿ ನಿಮ್ಮನ್ನು ಮೋಸಗೊಳಿಸಲಾರೆನು. ಹಳ್ಳಿಯ ಸಭೆಯು ಹಾಡಿಸುವವನಿಗೆ ಪೂರ್ಣ ಸಂಬಳವನ್ನು ಕೊಡುವ ಸ್ಥಿತಿಯಲ್ಲಿಲ್ಲ. ಆದದರಿಂದ ಮಗನು ಇದರೊಂದಿಗೆ ಜೀವನಕ್ಕೆ ಬೇಕಾದ ಇನ್ನೊಂದು ವಿದ್ಯೆಯನ್ನೂ ಕಲಿಯುವದು ಬುದ್ಧಿವಂತಿಕೆ. ಡೇರೆ ಹೊಲಿದು ಸುವಾರ್ತೆ ಸಾರಿದ ಪೌಲನು ಇದಕ್ಕೆ ಮಾದರಿ. ಆದರೆ ನ್ಯಾಯವು ಒಂದೇ ಕಡೆಯದಲ್ಲ. ಆ ಗಾಯಕರು ಹಗಲಿರುಳು ಸೇವೆಯಲ್ಲಿದ್ದದರಿಂದ ಬೇರೆ ಕೆಲಸಗಳಿಂದ ಬಿಡುಗಡೆ ಹೊಂದಿದ್ದರು (1 ಪೂರ್ವಕಾಲ. 9:33). ನೆಹೆಮೀಯನ ಕಾಲದಲ್ಲಿ ಜನರು ಅವರ ಪಾಲನ್ನು ಕೊಡದೆ ಹೋದಾಗ ಲೇವಿಯರೂ ಗಾಯಕರೂ ತಮ್ಮ ತಮ್ಮ ಹೊಲಗಳಿಗೆ ಓಡಿಹೋದರು, ನೆಹೆಮೀಯನು ಗದರಿಸಿದ್ದು ಅವರನ್ನಲ್ಲ, ದೇವರ ಆಲಯವನ್ನು ಕೈಬಿಟ್ಟ ಅಧಿಕಾರಿಗಳನ್ನು (ನೆಹೆ. 13:10–11). ನಮ್ಮ ಮಕ್ಕಳು ಕಲಿತ ಮೇಲೆ ಪಟ್ಟಣದ ಸಭೆಯಲ್ಲಿಯೇ ನಿಂತರೆಂದು ದೂರುವ ಮುಂಚೆ, ಹಳ್ಳಿಯ ಸಭೆಯು ಅವರಿಗಾಗಿ ಏನನ್ನು ಇಟ್ಟಿತ್ತೆಂದು ಕೇಳಿಕೊಳ್ಳೋಣ. ಸುಗ್ಗಿಯಲ್ಲಿ ಒಂದು ಚೀಲ ಜೋಳ, ಪುಸ್ತಕಕ್ಕೆ ಮನೆಗಿಷ್ಟು ಕಾಸು, ತಿಂಗಳಿಗೊಂದು ಪತ್ರ: ಇಷ್ಟು ಮಾಡಿದ ಸಭೆಗೆ ತನ್ನ ಮಗನನ್ನು ಮರಳಿ ಕರೆಯುವ ಬಾಯಿ ಇರುವದು.

ಕಲಿಯಲು ಹೋಗುವ ಯೌವನಸ್ಥರಿಗೆ ಒಂದು ಎಚ್ಚರಿಕೆ. ಬಡವರ ನ್ಯಾಯವನ್ನು ತುಳಿದವರ ಹಾಡಿನ ಗದ್ದಲವು ತನಗೆ ಬೇಡವೆಂದು ದೇವರು ಆಮೋಸನ ಬಾಯಿಂದ ತಿಳಿಸಿದನು (ಆಮೋಸ. 5:23–24). ನಡತೆಯಿಲ್ಲದ ರಾಗವು ಆತನಿಗೆ ಗದ್ದಲವೇ. ನೀನು ಕಲಿತು ಬಂದದ್ದರಿಂದ ಸಭೆಯು ಬಾಯಿ ಮುಚ್ಚಿ ನಿನ್ನನ್ನು ಕೇಳುವದಾದರೆ ನಿನ್ನ ಕಲಿಕೆಯು ಸೋತಿತು. ಹಿಂದಿನ ಸಾಲಿನಲ್ಲಿ ಅಕ್ಷರವರಿಯದೆ ಕೂತಿರುವ ಅಜ್ಜಿಯೂ ಬಾಯಿ ತೆರೆದು ಹಾಡುವದಾದರೆ ಅದು ಗೆದ್ದಿತು. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲಸೀಲರಿಗೆ ಪೇಟಿಯೂ ಇರಲಿಲ್ಲ, ದೀಪವೂ ಇರಲಿಲ್ಲ, ಆದರೂ ಸೆರೆಯಲ್ಲಿದ್ದವರು ಅವರ ಹಾಡಿಗೆ ಕಿವಿಗೊಟ್ಟರು (ಅ. ಕೃ. 16:25).

ಸಭೆಯವರೇ, ಈ ದಿನಗಳಲ್ಲಿ ಮೊಬೈಲಿನಿಂದ ಹಾಡು ಹಾಕಿ, ಧ್ವನಿವರ್ಧಕದ ಕೆಳಗೆ ನಾವು ಸುಮ್ಮನೆ ಕೂತಿರುವದು ಸುಲಭವಾಗಿದೆ. ಆದರೆ ಕ್ರಿಸ್ತನು ಕ್ರಯಕೊಟ್ಟು ಕೊಂಡದ್ದು ಯಂತ್ರವನ್ನಲ್ಲ, ನಿಮ್ಮನ್ನೇ. ಆತನಿಗೆ ಬೇಕಾದ ಕೊರಳು ನಿಮ್ಮದೇ. ನಿಮ್ಮ ಊರಿನಲ್ಲಿ ಶ್ರುತಿ ಹಿಡಿಯುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಈ ವರುಷ ಹುಡುಕಿರಿ, ಸಭಾಪಾಲಕರೊಂದಿಗೆ ಮಾತಾಡಿರಿ, ಪ್ರಾರ್ಥನೆಯಿಂದ ಕಳುಹಿಸಿರಿ, ಸುಗ್ಗಿಯಲ್ಲಿ ಮರೆಯಬೇಡಿರಿ. 288 ಮಂದಿಯನ್ನು ಹೆಸರು ಹಿಡಿದು ಕರೆದ ದೇವರು ನಮ್ಮ ಹಳ್ಳಿಗಳಿಂದಲೂ ಕೆಲವರನ್ನು ಕರೆದು ಕಲಿಸಿ, ಗುರುವೂ ಶಿಷ್ಯನೂ ಒಂದೇ ಸಾಲಿನಲ್ಲಿ ನಿಂತು ತನ್ನನ್ನು ಸ್ತುತಿಸುವಂತೆ ಮಾಡಲಿ. ಆಮೆನ್.